ಕಿವಿಗೊಟ್ಟು ಕೇಳಿದ ಮಾತು

ನಮ್ಮ ಮದಲೂರು ಕೆರೆಗೆ ಹೇಮಾವತಿ ನೀರು ಬರಬೇಕಾದರೆ ಕಳ್ಳಂಬೆಳ್ಳ ಕೆರೆ, ಸಿರಾ ಕೆರೆ ದಾಟಿ ಬರಬೇಕು. ನೀರು ಬರದಿದ್ದರೆ ಕೆರೆ ಏರಿಯ ಮೇಲೆ ನಿಂತು ನೋಡಿ ಫಲವಿಲ್ಲ. ಎಲ್ಲಿ ತಡೆಯಾಗಿದೆ ಎಂದು ಕಾಲುವೆಯ ಗುಂಟ ನಡೆಯಬೇಕು. ಕಂಪ್ಯೂಟರ್ ಕೆಟ್ಟಾಗಲೂ ನಾನು ಹಾಗೇ ನಡೆಯುತ್ತೇನೆ.

ಸಿರಾ ಕಡೆಯ ಒಂದು ಸಣ್ಣ ಕಚೇರಿ. ಐದು ಕಂಪ್ಯೂಟರ್, ಮೂಲೆಯಲ್ಲೊಂದು ಹಳೆಯ ಲಿನಕ್ಸ್ ಸರ್ವರ್. ಫೈಲುಗಳೆಲ್ಲ ಅದರಲ್ಲೇ, ಎಲ್ಲರ ಪರದೆಯಲ್ಲೂ ಅದು ಝಡ್ ಡ್ರೈವ್. ಹೊಸದಾಗಿ ತಂದ ಒಂದು ಕಂಪ್ಯೂಟರಿನಲ್ಲಿ ಮಾತ್ರ ಝಡ್ ಮೇಲೆ ಕೆಂಪು ಗುರುತು. "ನನ್ನ ಟೇಬಲ್ಲಿಗೆ ಬಂದೋರನ್ನ ಎಷ್ಟು ದಿನ ವಾಪಸ್ ಕಳಿಸೋದು ಸಾರ್?" ಎಂದರು ಗುಮಾಸ್ತರು. ಹೊರಗೆ ಬೆಂಚಿನ ಮೇಲೆ ನಾಲ್ಕು ಜನ ಕಾಯುತ್ತಿದ್ದರು.

ಪಿಂಗ್ ಮಾಡಿದೆ, ಉತ್ತರ ಬಂತು. ಹೆಸರಿನ ಬದಲು ಐಪಿ ವಿಳಾಸ ಕೊಟ್ಟೆ, ಇಲ್ಲ. ಉಳಿದಿದ್ದ ಹಳೆಯ ಪಾಸ್‌ವರ್ಡ್ ಅಳಿಸಿದೆ, ಇಲ್ಲ. 445ನೇ ಪೋರ್ಟ್ ತೆರೆದೇ ಇತ್ತು. ಆಗ ಆಂಡ್ರ್ಯೂ ಟ್ರಿಡ್ಜೆಲ್ ನೆನಪಾದರು.

1991ರ ಡಿಸೆಂಬರ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾ. ಸಂಶೋಧನಾ ವಿದ್ಯಾರ್ಥಿಯಾಗಿದ್ದ ಟ್ರಿಡ್ಜೆಲ್‌ಗೆ ಯುನಿಕ್ಸ್ ಯಂತ್ರದ ಡಿಸ್ಕ್ ತಮ್ಮ ಡಾಸ್ ಪಿಸಿಯಲ್ಲಿ ಬೇಕಿತ್ತು. ಆ ಪಿಸಿಯಲ್ಲಿದ್ದ ಡಿಜಿಟಲ್ ಕಂಪನಿಯ ತಂತ್ರಾಂಶ ಪಾತ್‌ವರ್ಕ್ಸ್ ತನ್ನ ಸರ್ವರ್ ಜೊತೆ ಆಡುವ ಭಾಷೆಯ ವಿವರ ಅವರ ಕೈಲಿರಲಿಲ್ಲ. ತಂತಿಯಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ಹಿಡಿದಿಡುವ ಪ್ರೋಗ್ರಾಂ ಬರೆದರು. ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಜೋಡಿಸುತ್ತ ಹೋಗಿ ಅದೇ ಮಾತಾಡುವ ಸರ್ವರ್ ಕಟ್ಟಿದರು. ಆ ಭಾಷೆ ಐಬಿಎಂನ ಬ್ಯಾರಿ ಫೀಗೆನ್‌ಬಾಮ್ ರೂಪಿಸಿದ ಎಸ್‌ಎಂಬಿ ಎಂದು ಅವರಿಗೆ ತಿಳಿದದ್ದು ಆಮೇಲೆ. ಎರಡು ವರ್ಷ ಮೂಲೆಗಿಟ್ಟಿದ್ದ ಆ ಪ್ರೋಗ್ರಾಮನ್ನು, ಹೆಂಡತಿಯ ವಿಂಡೋಸ್ ಕಂಪ್ಯೂಟರನ್ನು ತಮ್ಮ ಲಿನಕ್ಸ್‌ಗೆ ಜೋಡಿಸಲು ಹೊರತೆಗೆದರೆ, ಕೆಲಸ ಮಾಡಿಯೇಬಿಟ್ಟಿತು! ಇವತ್ತಿನ ಸಾಂಬಾ ಅದೇ. ಎಸ್, ಎಂ, ಬಿ ಅಕ್ಷರಗಳಿರುವ ಪದಗಳನ್ನು ಪದಪಟ್ಟಿಯಲ್ಲಿ ಹುಡುಕಿ ಇಟ್ಟ ಹೆಸರು.

ನಮ್ಮ ಮೂಲೆಯ ಸರ್ವರಿನಲ್ಲಿದ್ದದ್ದೂ ಸಾಂಬಾ, 3.6. ವೈರ್‌ಶಾರ್ಕ್ ಎಂಬ ಪ್ಯಾಕೆಟ್ ಹಿಡಿಯುವ ಪ್ರೋಗ್ರಾಂ ಹಾಕಿ ನಾನೂ ಕಿವಿಗೊಟ್ಟೆ. ಹಳೆಯ ಕಂಪ್ಯೂಟರ್ ತನಗೆ ಬರುವ ಭಾಷೆಗಳ ಪಟ್ಟಿ ಒಪ್ಪಿಸಿತು. ಸರ್ವರ್ ಅದರಲ್ಲಿ 'ಎನ್‌ಟಿ ಎಲ್‌ಎಂ 0.12' ಆರಿಸಿಕೊಂಡಿತು, ಅಂದರೆ ಎಸ್‌ಎಂಬಿ 1. ಹೊಸ ಕಂಪ್ಯೂಟರಿನ ಪಟ್ಟಿಯಲ್ಲಿ ಆ ಹೆಸರೇ ಇಲ್ಲ! ಸರ್ವರ್ ಮರುಮಾತಿಲ್ಲದೆ ಸಂಪರ್ಕ ಕಡಿದುಕೊಂಡಿತು. ಸಿಕ್ಕಿತು.

2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದು ಎಸ್‌ಎಂಬಿ 1ರ ತೂತಿನಿಂದ. ಆ ವರ್ಷದ ಅಕ್ಟೋಬರಿನಿಂದ ವಿಂಡೋಸ್ 10 ಅದನ್ನು ಕೈಬಿಡತೊಡಗಿತ್ತು. ಹೊಸ ಕಂಪ್ಯೂಟರಿಗೆ ಅದನ್ನೇ ಮತ್ತೆ ಹಾಕುವುದು ಎರಡು ನಿಮಿಷದ ಕೆಲಸ, ಮನಸ್ಸು ಒಪ್ಪಲಿಲ್ಲ. ಜನರ ದಾಖಲೆ ಇರುವ ಜಾಗ ಅದು. ಸಾಂಬಾ 3.6ಕ್ಕೆ ಎಸ್‌ಎಂಬಿ 2 ಬರುತ್ತದೆ, ಹೇಳದ ಹೊರತು ಆಡುವುದಿಲ್ಲ ಅಷ್ಟೆ. ಅದರ ಸೆಟ್ಟಿಂಗ್ ಫೈಲಿಗೆ 'ಮ್ಯಾಕ್ಸ್ ಪ್ರೋಟೋಕಾಲ್ = ಎಸ್‌ಎಂಬಿ2' ಎಂಬ ಒಂದು ಸಾಲು ಸೇರಿಸಿ, ಸಾಂಬಾ ನಿಲ್ಲಿಸಿ ಮತ್ತೆ ಶುರು ಮಾಡಿದೆ.

ಝಡ್ ಒತ್ತಿದಾಗ ಫೋಲ್ಡರುಗಳು ಸಾಲಾಗಿ ಮೂಡಿದವು. ಗುಮಾಸ್ತರು ಬಾಗಿಲಿಗೆ ಹೋಗಿ, "ಬನ್ನಿ ಯಜಮಾನ್ರೇ, ನಿಮ್ದು ನೋಡಾಣ" ಎಂದು ಬೆಂಚಿನ ತುದಿಯಲ್ಲಿದ್ದವರನ್ನು ಕರೆದರು.