ಏಳನೆಯ ವರ್ಷದ ‘ಶ್ಮಿತಾ’: ಪದದ ಅರ್ಥ ಮತ್ತು ಬೇಸಾಯ

ಇಸ್ರೇಲಿನ ಯೆಹೂದಿ ಬೇಸಾಯಗಾರರಿಗೆ ಪ್ರತಿ ಏಳನೆಯ ವರ್ಷ ಭೂಮಿಯನ್ನು ಬಿತ್ತದೆ ಬಿಡಬೇಕೆಂಬ ಪುರಾತನ ಧಾರ್ಮಿಕ ಕಟ್ಟಳೆಯೊಂದಿದೆ. ಆ ವರ್ಷಕ್ಕೆ ಹೀಬ್ರೂ ಭಾಷೆಯಲ್ಲಿ ‘ಶ್ಮಿತಾ’ ಎಂದು ಹೆಸರು. ಕಳೆದ ಶ್ಮಿತಾ ವರ್ಷವು 2021ರ ಸೆಪ್ಟೆಂಬರಿನಲ್ಲಿ ಆರಂಭವಾಗಿ 2022ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅದರ ನಂತರದ್ದು 2028ರ ಸೆಪ್ಟೆಂಬರಿನಲ್ಲಿ ಆರಂಭವಾಗುವಂಥದ್ದು. ಮಣ್ಣಿನ ಫಲವತ್ತತೆ ಕಾಯಲು ಹಿಂದಿನವರು ಕಂಡುಕೊಂಡ ಉಪಾಯವಿದು ಎಂದು ಹೇಳುವುದುಂಟು. ಪದದ ಅರ್ಥವನ್ನು ಪರಿಶೀಲಿಸಿದರೆ ಅದರ ಉದ್ದೇಶ ಇನ್ನೂ ದೊಡ್ಡದೆಂದು ತಿಳಿದುಬರುತ್ತದೆ.

ಪದದ ಅರ್ಥ

‘ಶ್ಮಿತಾ’ ಪದದ ಧಾತುವಿಗೆ ಹಿಡಿದದ್ದನ್ನು ಬಿಡು, ಜಾರಗೊಡು, ಬೀಳಗೊಡು ಎಂಬ ಅರ್ಥಗಳಿವೆ. ಸಮುವೇಲನ ಎರಡನೆಯ ಗ್ರಂಥದಲ್ಲಿ ಕಣವೊಂದರ ಬಳಿ ಬಂಡಿಯ ಎತ್ತುಗಳು ಮುಗ್ಗರಿಸಿದ ಪ್ರಸಂಗದಲ್ಲಿಯೂ ಇದೇ ಧಾತು ಬಂದಿದೆ. ವಿಶ್ರಾಂತಿಗೆ ಹೀಬ್ರೂವಿನಲ್ಲಿ ‘ಶಬ್ಬಾತ್’ ಎಂಬ ಬೇರೆಯೇ ಪದವಿದೆ. ಯಾಜಕಕಾಂಡದ 25ನೆಯ ಅಧ್ಯಾಯ ಏಳನೆಯ ವರ್ಷವನ್ನು ಭೂಮಿಯ ‘ಶಬ್ಬಾತ್’ ಎನ್ನುತ್ತದೆ. ಆದರೆ ವಿಮೋಚನಕಾಂಡದ 23ನೆಯ ಅಧ್ಯಾಯ ಹೊಲವನ್ನು ಬಿಡುವುದಕ್ಕೂ ಧರ್ಮೋಪದೇಶಕಾಂಡದ 15ನೆಯ ಅಧ್ಯಾಯ ಸಾಲವನ್ನು ಬಿಡುವುದಕ್ಕೂ ‘ಶ್ಮಿತಾ’ದ ಧಾತುವನ್ನೇ ಬಳಸುತ್ತವೆ. ಕನ್ನಡದಲ್ಲಿಯೂ ಹೊಲವನ್ನು ಬೀಳು ಬಿಡುತ್ತೇವೆ, ಬರಬೇಕಾದ ಬಾಕಿಯನ್ನು ಬಿಟ್ಟುಕೊಡುತ್ತೇವೆ. ಆದ್ದರಿಂದ ‘ಕೈಬಿಡುವಿಕೆ’ ಎಂದರೆ ಮೂಲದ ಅರ್ಥಕ್ಕೆ ಹತ್ತಿರವಾಗುತ್ತದೆ.

ಹೊಲದಲ್ಲಿ ನಡೆಯುವುದೇನು?

ಆ ವರ್ಷ ಉಳುವಂತಿಲ್ಲ, ಬಿತ್ತುವಂತಿಲ್ಲ, ದ್ರಾಕ್ಷಿ ಬಳ್ಳಿಯನ್ನು ಸವರುವಂತಿಲ್ಲ. ಗಿಡಮರಗಳು ಸಾಯದಂತೆ ನೀರು ಕೊಡಲು ಅವಕಾಶವಿದೆ. ತಾನಾಗಿ ಬೆಳೆದ ಫಲದ ಮೇಲೆ ಹೊಲದೊಡೆಯನಿಗೆ ಪ್ರತ್ಯೇಕ ಹಕ್ಕಿಲ್ಲ. ಬಡವರು ಬಂದು ತಿನ್ನಬಹುದು, ಅವರು ಬಿಟ್ಟದ್ದನ್ನು ಕಾಡುಮೃಗಗಳು ತಿನ್ನಬಹುದು. ವಿಮೋಚನಕಾಂಡ ಕೊಡುವ ಕಾರಣವೂ ಇದೇ. ಅಲ್ಲಿ ಮಣ್ಣಿನ ಸಾರದ ಮಾತಿಲ್ಲ.

ಮಣ್ಣಿಗೆ ಲಾಭವಿಲ್ಲವೇ?

ಸ್ವಲ್ಪಮಟ್ಟಿಗೆ ಇದೆ. ತಾನಾಗಿ ಹುಟ್ಟಿದ ದ್ವಿದಳ ಸಸ್ಯಗಳು ಮಣ್ಣಿಗೆ ಸಾರಜನಕ ಸೇರಿಸುತ್ತವೆ. ಮೇಯುವ ದನಕುರಿಗಳ ಗೊಬ್ಬರ ಹೊಲಕ್ಕೆ ಬೀಳುತ್ತದೆ. ಆದರೆ ಆರು ವರ್ಷಗಳ ಪೈರು ಹೀರಿದ ರಂಜಕ ಮತ್ತು ಪೊಟ್ಯಾಷ್ ಒಂದು ವರ್ಷ ಬೀಳು ಬಿಟ್ಟ ಮಾತ್ರಕ್ಕೆ ಮರಳಿ ಬರುವುದಿಲ್ಲ. ಉಳುಮೆ ನಿಂತಾಗ ಬೆಳೆಯುವ ಕಳೆ ಮಳೆಯ ತೇವವನ್ನೂ ಹೀರುತ್ತದೆ. ನಮ್ಮ ವಿಜಯಪುರ ಭಾಗದ ಎರೆಹೊಲಗಳ ಬೀಳು ಇದಕ್ಕಿಂತ ಭಿನ್ನವಾದುದು. ಅಲ್ಲಿ ಮುಂಗಾರಿನಲ್ಲಿ ಬಿತ್ತದೆ ಬಿಟ್ಟರೂ ಕುಂಟೆ ಹೊಡೆದು ಕಳೆ ತೆಗೆದು, ಹಿಂಗಾರಿ ಜೋಳಕ್ಕೆ ತೇವ ಕೂಡಿಡುತ್ತಾರೆ. ಅದು ಮುಂದಿನ ಪೈರಿಗಾಗಿ ಮಾಡುವ ಕೆಲಸ. ಶ್ಮಿತಾದಲ್ಲಾದರೋ ಕೆಲಸವನ್ನೇ ಬಿಡಬೇಕು.

ಬಿಡುವುದರ ಬೆಲೆ

ಅಲ್ಲಿ ಗೋಧಿ ಮತ್ತು ಜವೆಗೋಧಿಯನ್ನು ಶರತ್ಕಾಲದ ಕೊನೆಗೆ ಮಳೆ ಬಿದ್ದಾಗ ಬಿತ್ತಿ, ವಸಂತದಿಂದ ಬೇಸಿಗೆಯ ಆರಂಭದವರೆಗೆ ಕೊಯ್ಯುತ್ತಾರೆ. ಶ್ಮಿತಾ ವರ್ಷ ಶುರುವಾಗುವುದೂ ಶರತ್ಕಾಲದಲ್ಲಿ. ಅಂದರೆ 2021ರಲ್ಲಿ ಕೊಯ್ದ ರೈತ ಕಟ್ಟಳೆಯನ್ನು ಪೂರ್ಣ ಪಾಲಿಸಿದರೆ ಮರುಕೊಯ್ಲು ಕಾಣುವುದು 2023ರಲ್ಲಿ. ಒಂದು ಕೊಯ್ಲಿನಿಂದ ಎರಡು ವರ್ಷದ ಊಟ ನಡೆಯಬೇಕು, ಬೀಜವೂ ಉಳಿಯಬೇಕು. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಶತ್ರುಗಳು ಬೇತ್‌ಸೂರ್ ಕೋಟೆಯನ್ನು ಮುತ್ತಿದಾಗ, ಏಳನೆಯ ವರ್ಷವಾದ್ದರಿಂದ ಒಳಗಿದ್ದವರಿಗೆ ದವಸ ಸಾಲದೆ ಕೋಟೆ ಬಿಟ್ಟುಕೊಡಬೇಕಾಯಿತೆಂದು ಮಕಾಬಿಯರ ಮೊದಲನೆಯ ಗ್ರಂಥ ಹೇಳುತ್ತದೆ.

ಸಾಲದ ವಿಷಯದಲ್ಲಿಯೂ ತೊಡಕಿತ್ತು. ಏಳನೆಯ ವರ್ಷದೊಂದಿಗೆ ಸಾಲ ರದ್ದಾಗುವುದಾದರೆ ಆರನೆಯ ವರ್ಷ ಸಾಲ ಕೊಡುವವರು ಯಾರು? ಆ ವರ್ಷ ಹತ್ತಿರವಾಯಿತೆಂದು ಬಡವನಿಗೆ ಕೈ ಬಿಗಿಹಿಡಿಯಬೇಡಿ ಎಂದು ಧರ್ಮೋಪದೇಶಕಾಂಡವೇ ಎಚ್ಚರಿಸಿತ್ತು. ಆದರೂ ಕೊಡುವವರು ಹಿಂಜರಿದರು. ಬೀಜಕ್ಕೆ ಕಾಸು ಬೇಕಾದವನಿಗೆ ರಕ್ಷಣೆಯ ಕಟ್ಟಳೆಯೇ ತಡೆಯಾಯಿತು. ಆಗ ಹಿಲ್ಲೇಲ್ ಎಂಬ ಪಂಡಿತರು ‘ಪ್ರೊಸ್‌ಬುಲ್’ ಎಂಬ ಪತ್ರವನ್ನು ಜಾರಿಗೆ ತಂದರು. ಇದರಿಂದ ಸಾಲದ ವಸೂಲಿ ನ್ಯಾಯಪೀಠಕ್ಕೆ ಸೇರಿ ರದ್ದತಿ ತಪ್ಪಿತು. ಬಡವರಿಗೆ ಸಾಲ ಮತ್ತೆ ಸಿಗುವಂತಾಯಿತು.

ಈಚಿನ ಏರ್ಪಾಡುಗಳು

ಹೊಲಕ್ಕೂ ಇಂಥ ದಾರಿಗಳನ್ನು ಹುಡುಕಲಾಯಿತು. 1888-89ರ ಶ್ಮಿತಾದಲ್ಲಿ ಹೊಸ ಬೇಸಾಯಗಾರರ ಹೊಟ್ಟೆಪಾಡಿನ ಪ್ರಶ್ನೆ ಎದ್ದಾಗ, ಭೂಮಿಯನ್ನು ಆ ವರ್ಷದ ಮಟ್ಟಿಗೆ ಯೆಹೂದಿಯಲ್ಲದವರಿಗೆ ಮಾರಿ ಬೇಸಾಯ ಮಾಡಿಸಲು ಕೆಲವು ಧರ್ಮಗುರುಗಳು ಅನುಮತಿಸಿದರು. 1909-10ರಲ್ಲಿ ಧರ್ಮಗುರು ಅಬ್ರಹಾಂ ಐಸಾಕ್ ಕೂಕ್ ಇದನ್ನು ಸಮರ್ಥಿಸಿದರು. ಇದನ್ನು ಒಪ್ಪದ ನಿಷ್ಠಾವಂತರೂ ಇದ್ದಾರೆ. ಇನ್ನೊಂದು ಏರ್ಪಾಡಿನಲ್ಲಿ ಧರ್ಮಪೀಠವೇ ಫಲವನ್ನು ಕೂಡಿಸಿ ಹಂಚುತ್ತದೆ. ರೈತನಿಗೆ ದುಡಿಮೆ ಮತ್ತು ಖರ್ಚಿನ ಹಣ ಸಿಗುತ್ತದೆ, ಫಲಕ್ಕೆ ಬೆಲೆ ಕಟ್ಟುವುದಿಲ್ಲ.

ಭೂಮಿಯ ಒಡೆತನ, ಫಲದ ಮೇಲಿನ ಹಕ್ಕು, ಸಾಲಗಾರನ ಮೇಲಿನ ಹಿಡಿತ, ಈ ಮೂರನ್ನೂ ಆಗಾಗ ಸಡಿಲಿಸಬೇಕೆಂಬುದೇ ಶ್ಮಿತಾದ ತಿರುಳು. ಹಾಗೆ ಬಿಡಬೇಕಾದರೆ ಮನೆಯಲ್ಲಿ ಎರಡು ವರ್ಷದ ಕಾಳು ಇರಬೇಕು, ಇಲ್ಲವೇ ನಷ್ಟವನ್ನು ಸಮಾಜ ಹಂಚಿಕೊಳ್ಳಬೇಕು. ಇವೆರಡೂ ಇಲ್ಲದ ಚಿಕ್ಕ ಹಿಡುವಳಿದಾರನಿಗೆ ಒಂದು ವರ್ಷದ ಬೀಳು ಎಂದರೆ ಹಸಿವೇ ಸರಿ. ಪ್ರೊಸ್‌ಬುಲ್ ಮೊದಲಾದ ಏರ್ಪಾಡುಗಳು ಹುಟ್ಟಿದ್ದು ಅವನಿಗಾಗಿ.