ಕಲ್ಲು ಓದುವ ಮಕ್ಕಳಿಗೂ ದತ್ತಿ ಬೇಕು



ನಮಗೆ ಬರುವ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ನರ್ಸಿಂಗ್, ಇಂಜಿನಿಯರಿಂಗ್, ಬಿ.ಎಡ್. ಎಲ್ಲ ಇರುತ್ತವೆ, ಭೂವಿಜ್ಞಾನ ಮಾತ್ರ ಕಾಣುವುದಿಲ್ಲ. ಹಟ್ಟಿಯ ಚಿನ್ನದ ಗಣಿ ಇರುವುದು ನಮ್ಮದೇ ಜಿಲ್ಲೆಯಲ್ಲಿ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಿದ ಮಕ್ಕಳಿಗೆ ನಾವೇ ಪಾಠ ಹೇಳಿದ್ದೇವೆ. ಆ ಫ್ಲೋರೈಡ್ ನೀರಿಗೆ ಸೇರುವುದು ಕೆಳಗಿನ ಗ್ರಾನೈಟ್ ಬಂಡೆಯಿಂದ. ಆ ಬಂಡೆಯನ್ನು ಓದಬಲ್ಲವರು ನಮ್ಮ ಮನೆಗಳಿಂದಲೂ ಬರಬೇಕಲ್ಲವೇ?

ಇಲ್ಲಿ ಕಾಲೇಜಿನ ಫೀಸು ಒಂದೇ ತೊಡಕಲ್ಲ. ಭೂವಿಜ್ಞಾನ ಓದುವವರು ದಿನಗಟ್ಟಲೆ ಊರೂರು ತಿರುಗಿ ಬಂಡೆ ನೋಡಬೇಕು. ಬಸ್ಸು, ವಸತಿ, ಊಟ, ಸುತ್ತಿಗೆ, ದಿಕ್ಸೂಚಿ, ಬೂಟು ಎಲ್ಲಕ್ಕೂ ಕೈಯಿಂದ ಹಣ ಹಾಕಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ಪ್ರವಾಸದ ಹಣ ಹೊಂದಿಸಲಾಗದೆ ಆ ವಿಷಯವನ್ನೇ ಬಿಟ್ಟಳು. ನಮಗೆ ಗೊತ್ತಾದಾಗ ವರ್ಷ ಕಳೆದಿತ್ತು.

ಇಂಥ ಖರ್ಚಿಗೆ ಆಸರೆಯಾಗುವುದು ದತ್ತಿ. ವಕ್ಫ್ ಬಲ್ಲವರಿಗೆ ಅದು ಹೊಸ ಮಾತಲ್ಲ: ಮೂಲ ಆಸ್ತಿಗೆ ಕೈಹಚ್ಚದೆ, ಬಂದ ಉತ್ಪನ್ನವನ್ನಷ್ಟೇ ಖರ್ಚು ಮಾಡುವುದು. 1898ರಲ್ಲಿ ಜಮ್‌ಸೇಟ್‌ಜಿ ಟಾಟಾ ಅವರು ಒಂದು ಸಂಶೋಧನಾ ಸಂಸ್ಥೆಗಾಗಿ ಬೊಂಬಾಯಿಯ ತಮ್ಮ ಕಟ್ಟಡ, ಜಾಗಗಳನ್ನು ಕೊಡಲು ಮುಂದಾದರು. ಅವುಗಳ ಬೆಲೆ ಆಗ ಸುಮಾರು 30 ಲಕ್ಷ ರೂಪಾಯಿ. ಬಡ್ಡಿಯ ಹಣ ಬೇಡವೆನ್ನುವವರು ಗಮನಿಸಿ, ಅದು ಬಾಡಿಗೆಯ ಆದಾಯ. 1907ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ 371 ಎಕರೆ ಭೂಮಿ ಕೊಟ್ಟಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದಾಗ ಟಾಟಾ ಬದುಕಿರಲಿಲ್ಲ. ಇಂದು ಅಲ್ಲಿ ಭೂವಿಜ್ಞಾನಕ್ಕೇ ಒಂದು ಕೇಂದ್ರವಿದೆ. 2009ರಲ್ಲಿ ಅರ್ಜುನ್ ದಿವೇಚಾ ಮತ್ತು ಗ್ರಾಂಥಮ್ ಪ್ರತಿಷ್ಠಾನದ ನೆರವಿನಿಂದ ಅದೇ ಆವರಣದಲ್ಲಿ ದಿವೇಚಾ ಹವಾಮಾನ ಬದಲಾವಣೆ ಕೇಂದ್ರವೂ ಶುರುವಾಯಿತು. ಮುಂಗಾರು, ಹಿಮಾಲಯದ ಹಿಮನದಿಗಳ ಅಧ್ಯಯನ ಅಲ್ಲಿ ನಡೆಯುತ್ತದೆ.

ಅಷ್ಟು ದೊಡ್ಡ ಮಾತು ನಮಗೇಕೆ ಎನ್ನಬೇಡಿ. ಸಣ್ಣ ದತ್ತಿಯೂ ದತ್ತಿಯೇ. ಒಂದು ಅಂಗಡಿಯ ಬಾಡಿಗೆಯಿಂದ ವರ್ಷಕ್ಕೆ ಒಬ್ಬಿಬ್ಬರ ಪ್ರವಾಸದ ಖರ್ಚು ನೀಗುತ್ತದೆ. ಆದರೆ ನಮ್ಮಲ್ಲಿ ದತ್ತಿ ಎಂದರೆ ಚಿನ್ನದ ಪದಕ ಎಂಬ ರೂಢಿ ಬಿದ್ದಿದೆ. ಪದಕ ಗೆದ್ದವಳಿಗೆ ಸಿಗುತ್ತದೆ, ನಡುವೆ ಓದು ಬಿಟ್ಟವಳಿಗಲ್ಲ. ವಿಶ್ವವಿದ್ಯಾಲಯಕ್ಕೆ ಕೊಡುವ ದಾನಿಗಳು ಹಣ ಯಾತಕ್ಕೆ ಎಂಬುದನ್ನು ದತ್ತಿಪತ್ರದಲ್ಲೇ ಬರೆಸಬೇಕು. ಆದಾಯದ ಒಂದು ಪಾಲನ್ನು ಮೂಲಕ್ಕೆ ಸೇರಿಸಲೂ ಹೇಳಬೇಕು; ಇಲ್ಲದಿದ್ದರೆ ಇಪ್ಪತ್ತು ವರ್ಷದಲ್ಲಿ ಅದರಿಂದ ಬಸ್ ಚಾರ್ಜೂ ಹುಟ್ಟುವುದಿಲ್ಲ.

ಯರಗೇರಾದಲ್ಲೇ ವಿಶ್ವವಿದ್ಯಾಲಯದ ಆವರಣವಿದೆ. ದೇವದುರ್ಗ, ಮಾನ್ವಿಯ ಮಕ್ಕಳೂ ಕೇಳಿರಿ: ಈ ವರ್ಷದ ನಮ್ಮ ಅರ್ಜಿಯಲ್ಲಿ ಕ್ಷೇತ್ರಪ್ರವಾಸದ ಖರ್ಚಿಗೆ ಬೇರೆ ಕಲಂ ಇಟ್ಟಿದ್ದೇವೆ. ಕಾಲೇಜಿನಿಂದ ಪ್ರವಾಸದ ಪತ್ರ ತಂದು ಲಗತ್ತಿಸಿ. ಪ್ರವಾಸ ಮುಗಿದ ಮೇಲಲ್ಲ, ಹೊರಡುವ ಮೊದಲೇ ಹಣ ಕೊಡುತ್ತೇವೆ.