ಮಲಬದ್ಧತೆ: ರೊಟ್ಟಿಯ ಜತೆಗೆ ನೀರೂ ಬೇಕು, ವೇಳೆಯೂ ಬೇಕು

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಗೊಬ್ಬೂರ, ಹಾಗೂ ಆಳಂದ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ನಿತ್ಯದ ಊಟವೆಂದರೆ ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೀಗಿದ್ದೂ "ಹೊಟ್ಟಿ ಸಾಫ್ ಆಗವಲ್ದು", "ಹೊಟ್ಟಿ ಉಬ್ಬ್ಯಾದ" ಎಂಬ ದೂರು ಈ ಭಾಗದಲ್ಲಿಯೂ ಕೇಳಿಬರುತ್ತದೆ. ಕಾರಣವೇನು?

ಕರುಳಿನ ಕೆಲಸ ಹೇಗೆ?

ನಾವು ತಿಂದ ಆಹಾರ ಸಣ್ಣ ಕರುಳಿನಲ್ಲಿ ಜೀರ್ಣವಾದ ಮೇಲೆ ಉಳಿದದ್ದು ತೆಳುವಾಗಿ ದೊಡ್ಡ ಕರುಳಿಗೆ ಬರುತ್ತದೆ. ಹೀಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ದ್ರವ ಅಲ್ಲಿಗೆ ಸೇರುತ್ತದೆ. ದೊಡ್ಡ ಕರುಳು ಅದರ ಬಹುಭಾಗವನ್ನು ಹೀರಿಕೊಂಡು ಉಳಿದದ್ದನ್ನು ಹೊರಗೆ ಕಳಿಸುತ್ತದೆ. ಮಲ ಒಳಗೆ ಹೆಚ್ಚು ಹೊತ್ತು ನಿಂತಷ್ಟೂ ಅದರ ನೀರು ಆರುತ್ತದೆ, ಮಲ ಗಟ್ಟಿಯಾಗುತ್ತದೆ. ನಾರು ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗಿಡುತ್ತದೆ. ಕುಡಿಯುವ ನೀರೇ ಕಡಿಮೆಯಾದರೆ ನಾರು ಯಾವುದನ್ನು ಹಿಡಿದಿಡಬೇಕು? ಹೊಲದ ಕೆಲಸ, 40 ಡಿಗ್ರಿ ದಾಟುವ ಬೇಸಿಗೆ, ಬೆವರಿನಲ್ಲಿ ಹೋಗುವ ನೀರು: ಇವೆಲ್ಲ ಸೇರಿದಾಗ ರೊಟ್ಟಿ ಉಂಡರೂ ಹೊಟ್ಟೆ ಬಿಗಿಯುತ್ತದೆ.

ದಿನಕ್ಕೊಮ್ಮೆ ಆಗಲೇಬೇಕೆಂಬ ನಿಯಮವೇನೂ ಇಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಸಹಜವೇ. ಮಲ ಗಟ್ಟಿಯಾಗುವುದು, ತಿಣುಕಬೇಕಾಗುವುದು, ಪೂರ್ತಿ ಆಗಲಿಲ್ಲ ಎನಿಸುವುದು: ಇವು ಮಲಬದ್ಧತೆಯ ಗುರುತುಗಳು.

ಕರೆ ಬಂದಾಗ ತಡೆಯಬೇಡಿ

ಬೆಳಿಗ್ಗೆ ಎದ್ದಾಗ ಮತ್ತು ಊಟವಾದ ಮೇಲೆ ಕರುಳು ತಾನಾಗಿಯೇ ಚಲಿಸಿ ಕರೆ ಕೊಡುತ್ತದೆ. ಅದನ್ನು ಮತ್ತೆ ಮತ್ತೆ ತಡೆದರೆ ಆ ಸೂಚನೆ ಮಂದವಾಗುತ್ತಾ ಹೋಗುತ್ತದೆ. ಈ ತೊಂದರೆ ಹೆಣ್ಣುಮಕ್ಕಳಿಗೆ ಹೆಚ್ಚು. ಬಯಲಿಗೆ ಹೋಗಬೇಕಾದವರು ಕತ್ತಲಾಗುವವರೆಗೆ ಕಾಯುತ್ತಾರೆ; ಕಾಯಬೇಕಾಗುತ್ತದೆಂದು ನೀರನ್ನೂ ಕಡಿಮೆ ಕುಡಿಯುತ್ತಾರೆ. ಹೀಗೆ ನೀರು, ವೇಳೆ ಎರಡೂ ತಪ್ಪುತ್ತವೆ. ಮುಂದೆ ಮೂಲವ್ಯಾಧಿ, ಗುದದ್ವಾರದಲ್ಲಿ ಬಿರುಕು ಬಂದರೆ ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದಡಿ ಹಳ್ಳಿಗಳಲ್ಲಿ ಬಹಳಷ್ಟು ಶೌಚಾಲಯಗಳಾಗಿವೆ. ನಿಮ್ಮ ಮನೆಯದು ಕಟ್ಟಿಗೆ, ಕುಳ್ಳು ಇಡುವ ಕೋಣೆಯಾಗಿದ್ದರೆ ತೆರವು ಮಾಡಿ. ಅಲ್ಲಿ ನೀರು ಇರುವಂತೆ ನೋಡಿಕೊಳ್ಳಿ. ಇದು ಇಡೀ ಮನೆಯವರ ಹೊಣೆ.

ಬೆಳಿಗ್ಗೆ ನೀರು ಅಥವಾ ಚಹಾ ಕುಡಿದ ಮೇಲೆ ಅವಸರವಿಲ್ಲದೆ ಐದು-ಹತ್ತು ನಿಮಿಷ ಕುಳಿತುಕೊಳ್ಳಿ. ತಿಣುಕಬೇಡಿ. ಕುಕ್ಕರಗಾಲಿನಲ್ಲಿ ಕೂರುವುದು ಒಳ್ಳೆಯ ಭಂಗಿ. ಮಂಡಿನೋವಿನಿಂದ ಕಮೋಡ್ ಬಳಸುವ ಹಿರಿಯರು ಪಾದದಡಿ ಚಿಕ್ಕ ಮಣೆಯಿಟ್ಟು ಮೊಣಕಾಲು ಎತ್ತರಕ್ಕೆ ಬರುವಂತೆ ಕುಳಿತರೆ ಅನುಕೂಲ.

ಊಟದಲ್ಲಿ ಏನು ಮಾಡಬೇಕು?

ರೊಟ್ಟಿಯನ್ನು ಬಿಡಬೇಡಿ, ಅದರ ಜತೆ ಮೆಂತೆ, ಪುಂಡಿ, ಹಸಿ ಉಳ್ಳಾಗಡ್ಡಿ, ಸವತೆಕಾಯಿ, ಗಜ್ಜರಿ ಇರಲಿ. ಪೇರಲ, ಬಾಳೆಯಂಥ ಅಗ್ಗದ ಹಣ್ಣು ದಿನಕ್ಕೊಂದು ಸಾಕು. ಮೂರು ಹೊತ್ತೂ ಅನ್ನ, ಮೈದಾ ಬಿಸ್ಕತ್ತು, ಬ್ರೆಡ್ ತಿನ್ನುವ ರೂಢಿಯಾಗಿದ್ದರೆ ಒಂದು ಹೊತ್ತಾದರೂ ಜೋಳಕ್ಕೆ ಮರಳಿ. ದಿನವಿಡೀ ಆಗಾಗ ನೀರು, ಮಜ್ಜಿಗೆ ಕುಡಿಯಿರಿ. ಹೊಲಕ್ಕೆ ಹೋಗುವಾಗ ಬುತ್ತಿಯ ಜತೆ ನೀರಿನ ಬಾಟಲಿ ಮರೆಯಬೇಡಿ. ಹೃದಯ, ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ನೀರಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ತಿಳಿಯಬೇಕು. ಕೂತು ಕೆಲಸ ಮಾಡುವವರು ದಿನಕ್ಕೆ ಅರ್ಧ ಗಂಟೆ ನಡೆದಾಡಲಿ.

ಹೊಟ್ಟೆ ಉಬ್ಬರ ಏಕೆ?

ಬೇಳೆಕಾಳುಗಳಲ್ಲಿ ನಮಗೆ ಜೀರ್ಣವಾಗದ ಕೆಲವು ಸಕ್ಕರೆಗಳಿವೆ. ಅವನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹುಳಿಸಿದಾಗ ಗಾಳಿ ಹುಟ್ಟುತ್ತದೆ. ಹಾಗೆಂದು ಬೇಳೆಯನ್ನೇ ಬಿಡುವುದು ಬೇಡ. ಕಾಳುಗಳನ್ನು ರಾತ್ರಿ ನೆನೆಹಾಕಿ, ಆ ನೀರನ್ನು ಚೆಲ್ಲಿ, ಬೇರೆ ನೀರಿನಲ್ಲಿ ಚೆನ್ನಾಗಿ ಬೇಯಿಸಿ. ನಾರಿನ ಪದಾರ್ಥವನ್ನು ಒಮ್ಮೆಲೇ ಹೆಚ್ಚಿಸದೆ ಎರಡು-ಮೂರು ವಾರಗಳಲ್ಲಿ ಹೆಚ್ಚಿಸುತ್ತಾ ಬನ್ನಿ. ಗಬಗಬನೆ ಉಂಡರೆ, ಬೀಡಿ ಸೇದಿದರೆ ಗಾಳಿಯೂ ಒಳಹೋಗುತ್ತದೆ. ಹಾಲು ಕುಡಿದರೆ ಉಬ್ಬರಿಸುವವರಿಗೆ ಮಜ್ಜಿಗೆ ಒಗ್ಗಬಹುದು. ಮಲ ಕಟ್ಟಿಕೊಂಡಿದ್ದರೆ ಅದೂ ಉಬ್ಬರಕ್ಕೆ ಕಾರಣ. ಮಲಬದ್ಧತೆ ಸರಿಹೋದರೆ ಉಬ್ಬರವೂ ಎಷ್ಟೋ ಇಳಿಯುತ್ತದೆ.

ಔಷಧಿಯ ವಿಷಯ

ಈ ರೂಢಿಗಳಿಂದಲೇ ಗುಣವಾಗದಿದ್ದರೆ ಇಸಬ್‌ಗೋಲ್ ಹೊಟ್ಟು ತೆಗೆದುಕೊಳ್ಳಬಹುದು; ಒಂದು ಲೋಟ ತುಂಬ ನೀರಿನ ಜತೆ ಮಾತ್ರ. ಬೇಧಿ ಗುಳಿಗೆ, ಹರಳೆಣ್ಣೆಗಳನ್ನು ನಿತ್ಯದ ರೂಢಿ ಮಾಡಿಕೊಳ್ಳಬೇಡಿ. ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಗುಳಿಗೆಯಿಂದ ಮಲ ಗಟ್ಟಿಯಾಗುವುದುಂಟು. ಅದನ್ನು ತಾವಾಗಿಯೇ ನಿಲ್ಲಿಸದೆ ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ತಿಳಿಸಬೇಕು.

ಕೆಲವು ಸೂಚನೆಗಳನ್ನು ಮಾತ್ರ ಮನೆಮದ್ದಿಗೆ ಬಿಡಬಾರದು. ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಐವತ್ತು ದಾಟಿದವರಲ್ಲಿ ಹೊಸದಾಗಿ ಕಾಣಿಸಿದ ಮಲಬದ್ಧತೆ: ಇವು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ರಕ್ತ ಬಂದರೆ ಮೂಲವ್ಯಾಧಿಯೇ ಇರಬೇಕೆಂದು ನೀವೇ ತೀರ್ಮಾನಿಸಬೇಡಿ. ಕರುಳಿನ ಕ್ಯಾನ್ಸರೂ ಹೀಗೆಯೇ ತೋರಬಹುದು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದೆ ನಿಂತರೆ ತಡಮಾಡದೆ ದೊಡ್ಡ ಆಸ್ಪತ್ರೆ ಸೇರಬೇಕು.

ಮನೆಯ ಹಿರಿಯರನ್ನು, ಹೆಣ್ಣುಮಕ್ಕಳನ್ನು ಈ ಬಗ್ಗೆ ಸಂಕೋಚವಿಲ್ಲದೆ ವಿಚಾರಿಸಿ. ಹಸಿವು, ನಿದ್ದೆಯ ಬಗ್ಗೆ ಕೇಳುವ ಹಾಗೆಯೇ ಇದನ್ನೂ ಕೇಳಬಹುದು.